ಬಾಗಿಲು ತೆರೆದೇ ಇದೆ, ಬೋರ್ಡು ಮಾತ್ರ ಕಾಣುತ್ತಿಲ್ಲ

ಕಳೆದ ತಿಂಗಳು ಒಂದು ಸಂಜೆ ಲಗ್ಗೆರೆ ಕಡೆಯ ಹುಡುಗನೊಬ್ಬ ನಮ್ಮ ಕಚೇರಿಗೆ ಬಂದ. ವಯಸ್ಸು 24. ಗ್ಯಾರೇಜಿನಲ್ಲಿ ಕೆಲಸ. ರಾಜ್ಯೋತ್ಸವದ ಹಿಂದಿನ ರಾತ್ರಿ ಕಂಬ ಹತ್ತಿ ಬಾವುಟ ಕಟ್ಟುವವರಲ್ಲಿ ಅವನೇ ಮೊದಲಿಗ. ಪ್ಲಾಸ್ಟಿಕ್ ಕವರಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟ.

"ಅಣ್ಣಾ, ಇದು ಅಸಲೀನಾ ಸ್ವಲ್ಪ ನೋಡಿ ಹೇಳಿ."

ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡು. ನಾವು ಹೆಸರೇ ಕೇಳಿರದ ಯಾವುದೋ ಹೊರರಾಜ್ಯದ 'ಬೋರ್ಡು'. ಥಳಥಳ ಹೊಳೆಯುವ ಸೀಲು. ಹಿಂದಿಯಲ್ಲಿ 84. ಗಣಿತದಲ್ಲಿ 91! ಹುಡುಗ 2017ರಲ್ಲಿ ಗೋತಾ ಹೊಡೆದದ್ದೇ ಗಣಿತದಲ್ಲಿ ಮತ್ತು ಇಂಗ್ಲಿಷಿನಲ್ಲಿ.

"ಪರೀಕ್ಷೆ ಎಲ್ಲಿ ಬರೆದೆಯಪ್ಪಾ?"

"ಬರೆದೇ ಇಲ್ಲಣ್ಣ. ಎಲ್ಲಾ ಅವರೇ ನೋಡ್ಕೊತೀವಿ ಅಂದ್ರು. ಹದಿನೆಂಟು ಸಾವಿರ ತಗೊಂಡ್ರು."

ಹದಿನೆಂಟು ಸಾವಿರ! ಅವನು ಫೇಲಾದದ್ದು ಎರಡೇ ಎರಡು ವಿಷಯದಲ್ಲಿ. ತಾನು ಓದಿದ ಹೈಸ್ಕೂಲಿಗೇ ಹೋಗಿ ಕೆಲವು ನೂರು ರೂಪಾಯಿ ಶುಲ್ಕ ಕಟ್ಟಿದ್ದರೆ ಆ ಎರಡು ವಿಷಯವನ್ನಷ್ಟೇ ಮತ್ತೆ ಬರೆಯಬಹುದಿತ್ತು. ಪಾಸಾದ ನಾಲ್ಕು ವಿಷಯಗಳನ್ನು ಯಾರೂ ಕಿತ್ತುಕೊಂಡಿಲ್ಲ. ಅವು ಇಂದಿಗೂ ಅವನ ಹೆಸರಿನಲ್ಲೇ ಇವೆ. ಇಷ್ಟು ಸಣ್ಣ ಸಂಗತಿಯನ್ನು ಎಂಟು ವರ್ಷ ಅವನಿಗೆ ಯಾರೂ ಹೇಳಲಿಲ್ಲ. ಮೇಷ್ಟ್ರು ಹೇಳಲಿಲ್ಲ, ಇಲಾಖೆ ಹೇಳಲಿಲ್ಲ. ನಾವೂ ಹೇಳಲಿಲ್ಲ. ಮೆರವಣಿಗೆಗೆ ಕರೆದೆವು, ಘೋಷಣೆ ಕೂಗಿಸಿದೆವು. "ಎಲ್ಲಿಯವರೆಗೆ ಓದಿದ್ದೀಯಪ್ಪಾ" ಎಂದು ಒಂದು ದಿನವೂ ಕೇಳಲಿಲ್ಲ. ಅವನಿಗೆ ಹೇಳಿದವನು ದಲ್ಲಾಳಿ ಒಬ್ಬನೇ. ಹೇಳಿದ್ದು ಸುಳ್ಳು.

ಆದ್ದರಿಂದ ಈ ಸಲದ ಸಂಪಾದಕೀಯದಲ್ಲಿ ಗುಡುಗು ಸಿಡಿಲು ಕಡಿಮೆ. ಎಸ್ಸೆಸ್ಸೆಲ್ಸಿ ಎಂಬ ಕಾಗದದ ಬಗ್ಗೆ, ಅದಕ್ಕೆ 'ಸಮಾನ' ಎನ್ನಿಸಿಕೊಳ್ಳುವ ಕಾಗದಗಳ ಬಗ್ಗೆ ಕಾನೂನು ಏನು ಹೇಳುತ್ತದೆ ಅನ್ನುವುದನ್ನೇ ಬರೆಯುತ್ತೇವೆ. ಗೆಳೆಯರೇ, ಬೇಸರಿಸದೆ ಓದಿ. ನೀವು ಪಾಸಾಗಿದ್ದರೂ ಓದಿ. ನಿಮ್ಮ ಬೀದಿಯಲ್ಲಿ ಪಾಸಾಗದವನೊಬ್ಬ ಇದ್ದೇ ಇರುತ್ತಾನೆ.

"ಹತ್ತನೇ ಕ್ಲಾಸು ಪಾಸಾಗಿ ಯಾರಿಗೆ ಏನು ಸಿಕ್ಕಿದೆ ಬಿಡಿ" ಎನ್ನುವ ವೇದಾಂತಿಗಳಿದ್ದಾರೆ. ಅವರ ಜೇಬಿನಲ್ಲಿ ಡಿಗ್ರಿ ಇರುತ್ತದೆ, ಅದಕ್ಕೇ ವೇದಾಂತ. ರೈಲ್ವೆಯ ಅತಿ ಕೆಳಗಿನ ದರ್ಜೆಯ ಕೆಲಸಕ್ಕೂ ಸಾಮಾನ್ಯವಾಗಿ ಹತ್ತನೇ ತರಗತಿ ಬೇಕು. ಹಳ್ಳಿಯ ಅಂಚೆ ಕಚೇರಿಯಲ್ಲಿ ಗ್ರಾಮೀಣ ಡಾಕ್ ಸೇವಕನಾಗಲು ಬೇಕು. ಅಲ್ಲಂತೂ ಬೇರೆ ಪರೀಕ್ಷೆಯೇ ಇಲ್ಲ, ಹತ್ತನೇ ತರಗತಿಯ ಅಂಕ ನೋಡಿಯೇ ಆಯ್ಕೆ. ಭಟ್ಕಳ, ಉಡುಪಿ, ಮಂಗಳೂರಿನಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರನ್ನು ಕೇಳಿ. ಹತ್ತನೇ ತರಗತಿ ಪಾಸಾಗದವನ ಪಾಸ್‌ಪೋರ್ಟು 'ಇಸಿಆರ್' ವರ್ಗಕ್ಕೆ ಬೀಳುತ್ತದೆ. ಅಂದರೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಅಧಿಕಾರಿಯ ಅನುಮತಿ ಬೇಕು. 1983ರ ವಲಸೆ ಕಾಯ್ದೆಯಡಿ ಬೆಳೆದು ಬಂದ ವ್ಯವಸ್ಥೆ ಇದು. ಪಾಸಾದವನಿಗೆ ಆ ಕಾಟವಿಲ್ಲ. ಇಷ್ಟೇ ಅಲ್ಲ, 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಮು ವಯಸ್ಸು ನಿರ್ಧರಿಸುವಾಗ ಮೊದಲು ನೋಡಬೇಕಾದ ದಾಖಲೆಗಳಲ್ಲಿ ಮೆಟ್ರಿಕ್ ಪ್ರಮಾಣಪತ್ರವನ್ನೂ ಸೇರಿಸಿದೆ. ಒಬ್ಬ ಬಡವರ ಹುಡುಗ ಬಾಲಕನೋ ವಯಸ್ಕನೋ ಎಂಬುದು ಕೂಡ ಕೆಲವು ಸಲ ಈ ಕಾಗದದ ಮೇಲೆ ನಿಂತಿರುತ್ತದೆ.

ಹಾಗೆಂದು ಎಲ್ಲದಕ್ಕೂ ಹತ್ತನೇ ತರಗತಿ ಬೇಕು ಎಂದೂ ನಂಬಬೇಡಿ. ಸಾರಿಗೆ ವಾಹನ ಓಡಿಸುವ ಲೈಸೆನ್ಸಿಗೆ ಎಂಟನೇ ತರಗತಿ ಕಡ್ಡಾಯವಿತ್ತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ತೆಗೆದುಹಾಕಿತು. ಈಗಲೂ ಕೆಲವು ಡ್ರೈವಿಂಗ್ ಸ್ಕೂಲಿನವರು "ಎಂಟನೇ ಕ್ಲಾಸಿನ ಸರ್ಟಿಫಿಕೇಟ್ ಮಾಡಿಸಿಕೊಡ್ತೀವಿ" ಅಂದರೆ ಕೇಳಿಸಿಕೊಂಡು ನಕ್ಕು ಎದ್ದುಬನ್ನಿ.

ಇನ್ನು ನಮ್ಮ ಕಾನೂನಿನ ವಿಚಿತ್ರ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ಅದೂ ಎಂಟನೇ ತರಗತಿಯವರೆಗೆ. ಅಲ್ಲಿಗೆ ಸರ್ಕಾರ ಕೈ ತೊಳೆದುಕೊಂಡಿತು. ಅತ್ತ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂತು. 14 ತುಂಬಿದವನನ್ನು ಅಪಾಯಕಾರಿಯಲ್ಲದ ಕೆಲಸಕ್ಕೆ ಹಚ್ಚಬಹುದು. ಒಂದು ಕಾನೂನು 14ಕ್ಕೆ ಕೈ ಬಿಡುತ್ತದೆ, ಇನ್ನೊಂದು ಕಾನೂನು 14ಕ್ಕೇ ಕೆಲಸದ ಬಾಗಿಲು ತೆರೆಯುತ್ತದೆ. ಆದರೆ ಎಸ್ಸೆಸ್ಸೆಲ್ಸಿ ಬರುವುದು 15, 16ಕ್ಕೆ! ಈ ಎರಡು ವರ್ಷದ ಸಂದಿಯಲ್ಲಿ ನಮ್ಮ ಎಷ್ಟು ಹುಡುಗರು ಬಿದ್ದುಹೋಗಿದ್ದಾರೆಂದು ತಿಳಿಯಬೇಕಾದರೆ ಕಲಾಸಿಪಾಳ್ಯದ ಗ್ಯಾರೇಜುಗಳಲ್ಲಿ, ಪೀಣ್ಯದ ಶೆಡ್ಡುಗಳಲ್ಲಿ ಒಂದು ಸುತ್ತು ಹಾಕಿದರೆ ಸಾಕು.

ಬಿದ್ದವರು ಏಳಲು ದಾರಿಯೇ ಇಲ್ಲವೇ? ಇದೆ. ಒಂದಲ್ಲ, ಎರಡು ಮೂರು ಇವೆ.

ಒಮ್ಮೆ ಕಟ್ಟಿ ಫೇಲಾದವನದು ಎಲ್ಲಕ್ಕಿಂತ ಸುಲಭದ ದಾರಿ, ಮೇಲೆ ಹೇಳಿದ್ದೇ. ಅದೂ ಈಗ ಮೊದಲಿನಂತೆ ವರ್ಷಕ್ಕೊಮ್ಮೆ, ಮತ್ತೆ 'ಸಪ್ಲಿಮೆಂಟರಿ' ಎಂಬ ಅವಮಾನದ ಹೆಸರು, ಹಾಗಿಲ್ಲ. 2023-24ನೇ ಸಾಲಿನಲ್ಲಿ ವರ್ಷಕ್ಕೆ ಮೂರು ಪರೀಕ್ಷೆಯ ಪದ್ಧತಿ ಬಂತು. ಒಂದು, ಎರಡು, ಮೂರು ಎಂದೇ ಹೆಸರು. ಒಂದಕ್ಕಿಂತ ಹೆಚ್ಚು ಸಲ ಬರೆದರೆ ಯಾವುದರಲ್ಲಿ ಹೆಚ್ಚು ಅಂಕ ಬಂದಿದೆಯೋ ಅದು ನಿಮ್ಮದು. ನಡೆಸುವುದು ಮಲ್ಲೇಶ್ವರದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ. ಹಳೆಯ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿಯೂ ಪಿಯು ಪರೀಕ್ಷಾ ವಿಭಾಗವೂ ಕೂಡಿ 2022ರಲ್ಲಿ ಹೀಗಾಯಿತು. ಹೆಸರು ಉದ್ದವಾಯಿತೇ ಹೊರತು ಜಾಗ ಬದಲಾಗಿಲ್ಲ.

ಹೈಸ್ಕೂಲಿನ ಮೆಟ್ಟಿಲನ್ನೇ ಹತ್ತದವನು? ಅವನು ಪ್ರೈವೇಟಾಗಿ ಕಟ್ಟಬಹುದು. 15 ವರ್ಷ ತುಂಬಿದ್ದರೆ ಖಾಸಗಿ ಅಭ್ಯರ್ಥಿಯಾಗಿ ಇದೇ ಮಂಡಲಿಯ ಪರೀಕ್ಷೆಗೆ, ಗೊತ್ತುಪಡಿಸಿದ ಹೈಸ್ಕೂಲಿನಲ್ಲಿ ನೋಂದಾಯಿಸಿಕೊಳ್ಳಬಹುದು. ಅದೇ ಪ್ರಶ್ನೆಪತ್ರಿಕೆ, ಅದೇ ಮೌಲ್ಯಮಾಪನ. ಪಾಸಾದರೆ ಸಿಗುವುದು 'ಸಮಾನ' ಪತ್ರವಲ್ಲ, ಎಸ್ಸೆಸ್ಸೆಲ್ಸಿಯೇ.

ಮೂರನೆಯದು ಮುಕ್ತ ಶಾಲೆ. ರಾಜ್ಯದ್ದೇ ಕರ್ನಾಟಕ ಮುಕ್ತ ಶಾಲೆ ಇದೆ. ಕೇಂದ್ರದ್ದು ಎನ್‌ಐಒಎಸ್. 1979ರಲ್ಲಿ ಸಿಬಿಎಸ್‌ಇಯ ಒಂದು ಯೋಜನೆಯಾಗಿ ಹುಟ್ಟಿ, 1989ರಲ್ಲಿ ಸ್ವತಂತ್ರ ಸಂಸ್ಥೆಯಾಗಿ, 1990ರಲ್ಲಿ ತಾನೇ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಅಧಿಕಾರ ಪಡೆದದ್ದು. ಇಲ್ಲಿ ಸೇರಲು 14 ವರ್ಷ ಸಾಕು, ಗರಿಷ್ಠ ವಯಸ್ಸೆಂಬುದಿಲ್ಲ. ಎಂಟನೇ ತರಗತಿಯ ಪತ್ರ ಇಲ್ಲದಿದ್ದರೆ "ಈ ಹಂತ ಓದುವಷ್ಟು ಕಲಿತಿದ್ದೇನೆ" ಎಂದು ನೀವೇ ಬರೆದುಕೊಟ್ಟರಾಯಿತು. ಐದು ವಿಷಯ, ಪ್ರತಿಯೊಂದರಲ್ಲಿ ಶೇ. 33. ಐದು ವರ್ಷದಲ್ಲಿ ಒಂಬತ್ತು ಅವಕಾಶ. ಒಂದೊಂದೇ ವಿಷಯ ಬರೆದು ಮುಗಿಸುತ್ತಾ ಹೋಗಬಹುದು. ಮಾನ್ಯತೆ ಇರುವ ಬೇರೆ ಮಂಡಳಿಯಲ್ಲಿ ಫೇಲಾಗಿದ್ದರೆ, ಅಲ್ಲಿ ಪಾಸಾದ ಎರಡು ವಿಷಯಗಳವರೆಗೆ ಅಂಕಗಳನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಎಂಟನೇ ತರಗತಿ ಮುಗಿಸಿ ಎರಡು ವರ್ಷದ ಐಟಿಐ ಮಾಡಿದವರಿಗೂ 2016ರ ಒಪ್ಪಂದದ ಮೂಲಕ ಹತ್ತನೇ ತರಗತಿಗೆ ಸಮಾನ ಎನ್ನಿಸಿಕೊಳ್ಳುವ ದಾರಿ ಮಾಡಿದ್ದಾರೆ. ಪೀಣ್ಯದ ಹುಡುಗರು ಇದನ್ನು ವಿಚಾರಿಸಿ ನೋಡಬೇಕು.

ಈಗ ನಮ್ಮ ಪತ್ರಿಕೆಯ ಹಳೇ ಕೊರಗಿಗೆ ಬರೋಣ. ಭಾಷೆ.

ಗೋಕಾಕ್ ಚಳವಳಿ ನಡೆದದ್ದು ಯಾತಕ್ಕೆಂದು ಇಂದಿನ ಎಷ್ಟು ಹುಡುಗರಿಗೆ ಗೊತ್ತು? ರಾಜ್‌ಕುಮಾರ್ ಬೀದಿಗಿಳಿದರು, ಜನಸಾಗರ ಸೇರಿತು, ಇಷ್ಟು ಗೊತ್ತು. ಆದರೆ 1981ರಲ್ಲಿ ವಿ. ಕೃ. ಗೋಕಾಕರು ಕೊಟ್ಟ ವರದಿ ಇದ್ದದ್ದು ಇದೇ ಮಾರ್ಕ್ಸ್ ಕಾರ್ಡಿನ ಬಗ್ಗೆ. ಹೈಸ್ಕೂಲಿನಲ್ಲಿ ಪ್ರಥಮ ಭಾಷೆ ಯಾವುದಿರಬೇಕು ಎಂಬುದೇ ಅಲ್ಲಿದ್ದ ಪ್ರಶ್ನೆ. ಎಸ್ಸೆಸ್ಸೆಲ್ಸಿ ಕಾರ್ಡಿನ ಮೊದಲ ಸಾಲಿನಲ್ಲಿ ಕನ್ನಡ ಇರಬೇಕೆಂದು ಒಂದು ನಾಡು ಎದ್ದು ನಿಂತಿತ್ತು. ಇಂದಿಗೂ ಒಟ್ಟು 625 ಅಂಕಗಳಲ್ಲಿ ಉಳಿದ ವಿಷಯಗಳಿಗೆ ನೂರು ನೂರಾದರೆ ಪ್ರಥಮ ಭಾಷೆಗೆ 125.

ಶಾಲೆಯ ಬೆಂಚಿನ ಮೇಲೆ ಕೂತವರಿಗಾಗಿ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂತು. ಅದು ಒಂದನೇ ತರಗತಿಯಿಂದ ವರ್ಷಕ್ಕೊಂದು ಮೆಟ್ಟಿಲು ಹತ್ತುತ್ತಾ ಬಂದಿದೆ. ಬೆಂಚು ಬಿಟ್ಟುಹೋದವನಿಗೆ? ಅವನು ಮುಕ್ತ ಶಾಲೆಯ ಅರ್ಜಿ ತುಂಬುವಾಗ ಪಕ್ಕದಲ್ಲಿ ಕೂರುವವನು ಟ್ಯುಟೋರಿಯಲ್ಲಿನ ಮ್ಯಾನೇಜರು. ಎನ್‌ಐಒಎಸ್‌ನಲ್ಲಿ ಐದು ವಿಷಯಗಳಲ್ಲಿ ಒಂದು ಭಾಷೆ ಇದ್ದರೂ ಆಯಿತು. ಕನ್ನಡವೂ ಒಂದು ವಿಷಯವಾಗಿ ಅಲ್ಲಿದೆ. ಆದರೆ ಆ ಮಹಾಶಯ "ಹಿಂದಿ ಹಾಕಿಬಿಡ್ತೀನಿ, ಇಲ್ಲಾ ಇಂಗ್ಲಿಷ್ ಒಂದೇ ಸಾಕು, ಕನ್ನಡ ಯಾಕೆ ಸುಮ್ನೆ" ಎಂದು ತಾನೇ ಬರೆದುಬಿಡುತ್ತಾನೆ. ಹುಡುಗ ತಲೆಯಾಡಿಸುತ್ತಾನೆ. ಪಾಸಾಗುತ್ತಾನೆ, ಸಿಹಿ ಹಂಚುತ್ತಾನೆ. ಎರಡು ವರ್ಷದ ಮೇಲೆ ಅಂಚೆ ಇಲಾಖೆಯ ಪ್ರಕಟಣೆ ಬರುತ್ತದೆ. ಹತ್ತನೇ ತರಗತಿಯಲ್ಲಿ ಗಣಿತ, ಇಂಗ್ಲಿಷ್ ಪಾಸಾಗಿರಬೇಕು, ಮತ್ತು ಸ್ಥಳೀಯ ಭಾಷೆಯನ್ನು ಹತ್ತನೇ ತರಗತಿಯವರೆಗೆ ಓದಿರಬೇಕು! ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕನ್ನಡ, ಎದೆಯ ಮೇಲೆ ಹಚ್ಚೆ ಕನ್ನಡ. ಮಾರ್ಕ್ಸ್ ಕಾರ್ಡಿನಲ್ಲಿ ಮಾತ್ರ ಕನ್ನಡವಿಲ್ಲ. ಅರ್ಜಿಯ ಕಾಲಮ್ಮಿಗೆ ಹಚ್ಚೆ ಕಾಣುವುದಿಲ್ಲ ಕಣ್ರಪ್ಪಾ.

ಸ್ಥಳೀಯ ಭಾಷೆಯ ಆ ನಿಯಮ ಕನ್ನಡಿಗನಿಗೆ ರಕ್ಷಣೆಯಾಗಿ ನಿಲ್ಲಬೇಕಾದದ್ದು. ನಮ್ಮವನೇ ಅರ್ಜಿ ತುಂಬುವ ದಿನ ಎಚ್ಚರ ತಪ್ಪಿದರೆ ಅದೇ ಅವನ ಕುತ್ತಿಗೆಗೆ ಬರುತ್ತದೆ. ಹಾಗೆಯೇ ರಾಜ್ಯ ಸರ್ಕಾರದ ನೇಮಕಾತಿಯಲ್ಲಿ 1ರಿಂದ 10ನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಎಂಟನೇ ತರಗತಿಯವರೆಗೆ ಕನ್ನಡದಲ್ಲೇ ಓದಿದವನು ಕೊನೆಯ ಹಂತವನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಕಟ್ಟಿದರೆ ಆ ಎಂಟು ವರ್ಷ ಲೆಕ್ಕಕ್ಕೆ ಬಾರದು. ಮಾಧ್ಯಮ, ಭಾಷೆ, ಈ ಎರಡು ಕಾಲಮ್ಮುಗಳನ್ನು ನೀವೇ ನಿಮ್ಮ ಕೈಯಾರೆ ತುಂಬಿ. ಹಣ ಕಟ್ಟುವ ಮೊದಲೇ, ಆಯ್ದ ಎಲ್ಲ ವಿಷಯಕ್ಕೂ ಕನ್ನಡದಲ್ಲಿ ಪುಸ್ತಕ ಕೊಡುತ್ತೀರಾ ಎಂದು ಕೇಳಿ. ಕೊಡದಿದ್ದರೆ ಪ್ರೈವೇಟಾಗಿ ಎಸ್ಸೆಸ್ಸೆಲ್ಸಿ ಕಟ್ಟುವುದೇ ಲೇಸು. ಅಲ್ಲಿ ಕನ್ನಡ ಮಾಧ್ಯಮದ ಪುಸ್ತಕಕ್ಕೆ ಬರವಿಲ್ಲ.

ಈ 'ಸಮಾನ' ಎಂಬ ಮಾತಿಗೆ ಹೊರದೇಶದಲ್ಲಿ ಏನರ್ಥವಿದೆ ಎಂದು ಒಮ್ಮೆ ನೋಡಿದರೆ ನಮ್ಮ ಕೇಳಿಕೆ ಅತಿಯಾದದ್ದಲ್ಲ ಎಂದು ತಿಳಿಯುತ್ತದೆ. ಅಮೆರಿಕದಲ್ಲಿ 1942ರಲ್ಲಿ, ಓದು ಬಿಟ್ಟು ಯುದ್ಧಕ್ಕೆ ಹೋದ ಸೈನಿಕರಿಗಾಗಿ ಒಂದು ಪರೀಕ್ಷೆ ಶುರುವಾಯಿತು. ಹೆಸರು ಜಿಇಡಿ. ಇಂದಿಗೂ ಹೈಸ್ಕೂಲು ಮುಗಿಸದವರು ನಾಲ್ಕು ವಿಷಯ ಬರೆದು, ಒಂದೊಂದರಲ್ಲೂ 145 ಅಂಕ ಪಡೆದು, ಡಿಪ್ಲೊಮಾಗೆ ಸಮಾನವಾದ ಪತ್ರ ಪಡೆಯುತ್ತಾರೆ. ವಯಸ್ಸಿನ ಷರತ್ತು ಆಯಾ ರಾಜ್ಯದ ಕಾನೂನಿನದು. ಇಂಗ್ಲಿಷ್ ಬಿಟ್ಟರೆ ಲೋಕವಿಲ್ಲ ಎಂದು ನಮ್ಮ ಕಾನ್ವೆಂಟಿನವರು ತೋರಿಸುವುದು ಆ ದೇಶವನ್ನೇ ತಾನೇ? ಅಲ್ಲಿ ಈ ಪರೀಕ್ಷೆಯನ್ನು ಸ್ಪ್ಯಾನಿಷ್ ಭಾಷೆಯಲ್ಲೂ ಬರೆಯಬಹುದು. ನಮ್ಮ ಹುಡುಗ ಬೆಂಗಳೂರಿನಲ್ಲಿ ಕೂತು ಕೇಂದ್ರದ ಮುಕ್ತ ಶಾಲೆಯ ಜಾಲತಾಣ ತೆರೆದರೆ ಎದುರಾಗುವುದು ಹಿಂದಿ ಮತ್ತು ಇಂಗ್ಲಿಷ್.

ಫೇಲಾದವರು ಅದನ್ನು ಹಣೆಬರಹ ಎಂದುಕೊಂಡಿದ್ದಾರೆ. ಈ ಗೆರೆಯನ್ನು ಸರ್ಕಾರವೇ ಎಷ್ಟು ಸಲ ಅಳಿಸಿ ಬರೆದಿದೆ ನೋಡಿ. 2021ರಲ್ಲಿ ಕೊರೋನಾ ಕಾಲದ ಎರಡೇ ದಿನದ ಪರೀಕ್ಷೆಯಲ್ಲಿ ಒಬ್ಬರನ್ನು ಬಿಟ್ಟು ಬರೆದವರೆಲ್ಲ ಪಾಸು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂದು ಫಲಿತಾಂಶ ಕುಸಿಯುವಂತಾದಾಗ ಶೇ. 20ರವರೆಗೆ ಕೃಪಾಂಕ ಕೊಟ್ಟರು. 2025ಕ್ಕೆ ಆ ಕೃಪೆ ಇಲ್ಲ ಎಂದರು. ಅದೇ ವರ್ಷದ ಅಕ್ಟೋಬರಿನಲ್ಲಿ ಪಾಸಿನ ಮಟ್ಟವನ್ನೇ ಶೇ. 35ರಿಂದ 33ಕ್ಕೆ, ಅಂದರೆ 625ಕ್ಕೆ 206 ಅಂಕಕ್ಕೆ ಇಳಿಸುವುದಾಗಿ ಪ್ರಕಟಿಸಿದರು. ಇದು ಸರಿಯೋ ತಪ್ಪೋ ಬೇರೆ ಮಾತು. ನಮಗೇನೋ ಪಾಠ ಹೇಳುವುದನ್ನು ಬಿಟ್ಟು ಅಂಕ ಇಳಿಸುವುದು ಸೋಮಾರಿಯ ಉಪಾಯ ಅನ್ನಿಸುತ್ತದೆ. ಆದರೆ 2017ರಲ್ಲಿ ಎರಡು ಅಂಕಕ್ಕೆ ಫೇಲಾದವನು ಎಂಟು ವರ್ಷ ತಲೆತಗ್ಗಿಸಿ ಓಡಾಡಿದ್ದು ಯಾವ ನ್ಯಾಯ?

ಈಗ ಖೋಟಾ ಕಾಗದದ ವಿಷಯ. ಒಂದು ಪತ್ರ 'ಸಮಾನ' ಆಗುವುದು ಅದರ ಸೀಲಿನಿಂದಲ್ಲ, ಕೊಟ್ಟವರಿಗೆ ಕಾನೂನು ಕೊಟ್ಟ ಮಾನ್ಯತೆಯಿಂದ. ಮಾನ್ಯತೆ ಎಷ್ಟು ನಾಜೂಕಿನದೆಂದರೆ, ಮೈಸೂರಿನ ನಮ್ಮ ಮುಕ್ತ ವಿಶ್ವವಿದ್ಯಾನಿಲಯವನ್ನೇ ನೋಡಿ. 2012-13ರಿಂದ ಈಚೆಗೆ ಅದಕ್ಕೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಸಾರಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ನಡುವೆ ಸಿಕ್ಕಿಕೊಂಡವರ ಪಾಡು ನಾಯಿಪಾಡು. ಸರ್ಕಾರದ ಕಾಯ್ದೆಯಿಂದಲೇ ಹುಟ್ಟಿದ ಸಂಸ್ಥೆಗೇ ಹೀಗಾದರೆ, ಬಸ್‌ಸ್ಟ್ಯಾಂಡಿನ ಮೇಲಿನ ಕೋಣೆಯಲ್ಲಿ ಹುಟ್ಟಿದ ಬೋರ್ಡಿಗೆ ಏನು ಬೆಲೆ? "ಒಂದೇ ವರ್ಷದಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಎರಡೂ" ಎಂಬ ಭಿತ್ತಿಪತ್ರ ಎಲ್ಲಿ ಕಂಡರೂ ಅಲ್ಲಿ ಮೋಸವಿದೆ ಎಂದೇ ತಿಳಿಯಿರಿ. ಹತ್ತು ಪಾಸಾಗದೆ ಹನ್ನೆರಡಕ್ಕೆ ದಾಖಲಾತಿಯೇ ಇಲ್ಲ.

ಖೋಟಾ ಕಾರ್ಡು ಕೊಂಡವನು ಬರೀ ಮೋಸಹೋದವನಾಗಿ ಉಳಿಯುವುದಿಲ್ಲ. ಅದನ್ನು ಕೆಲಸದ ಅರ್ಜಿಗೆ ಲಗತ್ತಿಸಿದ ದಿನ ಅವನೇ ಆರೋಪಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ 318, ಖೋಟಾ ಸೃಷ್ಟಿಗೆ 336, ಖೋಟಾ ದಾಖಲೆಯನ್ನು ಅಸಲಿ ಎಂದು ಬಳಸಿದ್ದಕ್ಕೆ 340ನೇ ಕಲಮು. ಕೆಲಸಕ್ಕೆ ಸೇರಿ ಹತ್ತು ವರ್ಷದ ಮೇಲೆ ಸಿಕ್ಕಿಬಿದ್ದರೂ ಕೆಲಸ ಉಳಿಯುವುದಿಲ್ಲ. ದಲ್ಲಾಳಿ ಅಷ್ಟರಲ್ಲಿ ಕೋಣೆ ಖಾಲಿ ಮಾಡಿ ಬೇರೆ ಬಡಾವಣೆ ಸೇರಿರುತ್ತಾನೆ.

ಸರ್ಕಾರಕ್ಕೆ ನಮ್ಮ ಒತ್ತಾಯ ದೊಡ್ಡದೇನಲ್ಲ. ಪ್ರತಿ ಬಿಇಓ ಕಚೇರಿಯ ಬಾಗಿಲಲ್ಲಿ ದೊಡ್ಡ ಅಕ್ಷರದ ಕನ್ನಡ ಫಲಕ ಹಾಕಿ. ಯಾರು ಪ್ರೈವೇಟಾಗಿ ಕಟ್ಟಬಹುದು, ಯಾವ ಶಾಲೆಯಲ್ಲಿ, ಎಷ್ಟು ಶುಲ್ಕ, ಕೊನೆಯ ದಿನ ಯಾವುದು. ಸಂಜೆ ಆರಕ್ಕೆ ಬೀಗ ಬೀಳುವ ಸರ್ಕಾರಿ ಶಾಲೆಗಳಲ್ಲಿ ಒಂದೊಂದು ಕೋಣೆಯನ್ನು ದುಡಿಯುವ ಹುಡುಗ ಹುಡುಗಿಯರಿಗೆ ಒಂಬತ್ತರವರೆಗೆ ಬಿಟ್ಟುಕೊಡಿ. ಕೇಂದ್ರದ ಮುಕ್ತ ಶಾಲೆ ಕರ್ನಾಟಕದಲ್ಲಿ ಶುಲ್ಕ ವಸೂಲು ಮಾಡುವುದಾದರೆ ಅರ್ಜಿಯಿಂದ ಉತ್ತರಪತ್ರಿಕೆಯವರೆಗೆ ಕನ್ನಡ ಇರಲೇಬೇಕೆಂದು ಪತ್ರ ಬರೆಯಿರಿ. 1986ರಲ್ಲಿ ಬಂದ ಸರೋಜಿನಿ ಮಹಿಷಿ ವರದಿ ಹಿಡಿದು ಕನ್ನಡಿಗರಿಗೆ ಕೆಲಸ ಕೊಡಿ ಎಂದು ಇಷ್ಟು ವರ್ಷ ಕೂಗಿದ್ದೇವೆ, ಇನ್ನೂ ಕೂಗುತ್ತೇವೆ. ಗೇಟು ತೆರೆದ ದಿನ ನಮ್ಮ ಹುಡುಗನ ಕೈಯಲ್ಲಿ ತೋರಿಸಲು ಒಂದು ಕಾಗದ ಬೇಕಲ್ಲ?

ಆ ಲಗ್ಗೆರೆಯ ಹುಡುಗ ಖೋಟಾ ಕಾರ್ಡು ತೆಗೆದುಕೊಂಡು ಪೊಲೀಸ್ ಠಾಣೆಗೆ ಹೋಗಿ ದೂರು ಬರೆದುಕೊಟ್ಟಿದ್ದಾನೆ. ಹಣ ವಾಪಸ್ ಬಂದೀತೆಂಬ ನಂಬಿಕೆ ನಮಗಿಲ್ಲ, ಅವನಿಗೂ ಇಲ್ಲ. ಗಣಿತ, ಇಂಗ್ಲಿಷ್ ಎರಡನ್ನೂ ಮುಂದಿನ ಪರೀಕ್ಷೆಗೆ ಕಟ್ಟುತ್ತಿದ್ದಾನೆ. ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಕಚೇರಿಯ ಮೇಲಿನ ಕೋಣೆಗೆ ಬಂದು ಹೇಳಿಕೊಡುತ್ತಿದ್ದಾರೆ. ಈಗ ಆರು ಜನ ಇದ್ದಾರೆ, ಅದರಲ್ಲಿ ಇಬ್ಬರು ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳು. ಇನ್ನೂ ಹತ್ತು ಮಂದಿಗೆ ಜಾಗವಿದೆ. ಬರುವವರು ಹಳೇ ಮಾರ್ಕ್ಸ್ ಕಾರ್ಡು, ಅದಿಲ್ಲದಿದ್ದರೆ ಕೊನೆಗೆ ಓದಿದ ಶಾಲೆಯ ಟಿಸಿ ತನ್ನಿ. ಅದೂ ಇಲ್ಲದಿದ್ದರೆ ಬರಿಗೈಲಿ ಬನ್ನಿ, ನಿಮ್ಮ ಜೊತೆ ಶಾಲೆಗೆ ನಾವೇ ಬರುತ್ತೇವೆ.